ಸ್ಟೆಂಟ್ ಹಾಕಿಸಿಕೊಂಡವರು ಟೆಂಟಿನಲ್ಲಿ ಮಲಗಬಹುದೇ?



ಏಪ್ರಿಲ್ ಮುಗಿಯುತ್ತಾ ಬಂತೆಂದರೆ ಒಂದು ಬಗೆಯ ಹಿರಿಯರು ನನ್ನ ಕ್ಲಿನಿಕ್ಕಿಗೆ ಬರಲು ಶುರು ಮಾಡುತ್ತಾರೆ. ಎದೆನೋವಿಲ್ಲ, ಏದುಸಿರಿಲ್ಲ. ಕೈಯಲ್ಲಿ ಫೈಲು, ಮುಖದಲ್ಲಿ ಸಂಭ್ರಮ. ಮಗನೋ ಮಗಳೋ ಇಂಗ್ಲೆಂಡಿನಲ್ಲಿದ್ದಾರೆ, ವೀಸಾ ಬಂದಿದೆ, "ಹೋಗಬಹುದಾ ನೋಡಿ ಹೇಳಿ ಡಾಕ್ಟ್ರೇ" ಅನ್ನುತ್ತಾರೆ. ಅರಮನೆ, ಮ್ಯೂಸಿಯಂ ಮಾತ್ರವಾಗಿದ್ದರೆ ನಾನು ಈ ಲೇಖನ ಬರೆಯಬೇಕಾಗಿರಲಿಲ್ಲ. ಈಗಿನ ಮಕ್ಕಳು ಅಪ್ಪ ಅಮ್ಮನನ್ನು ಕ್ಯಾಂಪಿಂಗಿಗೆ ಕರೆದುಕೊಂಡು ಹೋಗುತ್ತಾರೆ. ಹಳ್ಳಿಗಾಡು, ನದಿಯ ದಡ, ಹುಲ್ಲಿನ ಮೇಲೆ ಟೆಂಟು, ಎರಡು ರಾತ್ರಿ.

ಉದಾಹರಣೆಗೆ ವೈ ನದಿ. ವೇಲ್ಸಿನ ಬೆಟ್ಟಗಳಲ್ಲಿ ಹುಟ್ಟಿ, ಇಂಗ್ಲೆಂಡಿನ ಹೆರಿಫರ್ಡ್‌ಶೈರ್ ಜಿಲ್ಲೆಯ ಹುಲ್ಲುಗಾವಲುಗಳ ನಡುವೆ ಬಳುಕುತ್ತಾ ಸುಮಾರು 250 ಕಿ.ಮೀ. ಹರಿದು ಸೆವರ್ನ್ ಸೇರುತ್ತದೆ. ಸೈಮಂಡ್ಸ್ ಯಾಟ್ ಬಂಡೆಯ ಮೇಲೆ ನಿಂತರೆ ನಮ್ಮ ಮಲೆನಾಡಿನವರಿಗೆ ಮನೆ ನೆನಪಾಗುವುದು ಖಂಡಿತ. ಇಂಥ ನದಿಗಳ ಪಕ್ಕದ ಎಷ್ಟೋ ಕ್ಯಾಂಪುಗಳಲ್ಲಿ ಕರೆಂಟಿಲ್ಲ. ಒಂದು ನಲ್ಲಿ, ಸೌದೆ ಉರಿಸಲು ಒಂದು ಕಬ್ಬಿಣದ ಕುಂಡ, ದೂರದಲ್ಲಿ ಮರದ ಹೊಟ್ಟು ಹಾಕುವ ಪಾಯಿಖಾನೆ. ನಾವು ಚಿಕ್ಕಂದಿನಲ್ಲಿ ಅಜ್ಜಿಯ ಊರಿನಲ್ಲಿ ಪುಕ್ಕಟೆ ಅನುಭವಿಸಿದ್ದನ್ನು ಅಲ್ಲಿ ದುಡ್ಡು ಕೊಟ್ಟು ಅನುಭವಿಸುತ್ತಾರೆ!

ಸ್ಟೆಂಟ್ ಆದವರು ಹೋಗಬಹುದೇ? ಬಹುಪಾಲು ಜನ ಹೋಗಬಹುದು. ಎರಡು ಮಹಡಿ ಮೆಟ್ಟಿಲನ್ನು ನಿಲ್ಲದೆ, ಎದೆ ಹಿಡಿಯದೆ ಹತ್ತುತ್ತೀರಾ? ಬಿಪಿ, ಸಕ್ಕರೆ ಹತೋಟಿಯಲ್ಲಿದೆಯೇ? ಕಳೆದ ಕೆಲವು ವಾರಗಳಲ್ಲಿ ಹೃದಯಾಘಾತವಾಗಿಲ್ಲ ತಾನೇ? ಹಾಗಾದರೆ ನಾನು ತಡೆಯುವುದಿಲ್ಲ. ಮಲಗಿದರೆ ಉಸಿರು ಕಟ್ಟುತ್ತದೆ, ಎರಡು ಮೂರು ದಿಂಬು ಬೇಕು ಅನ್ನುವವರು ಮಾತ್ರ ಹಗಲು ನದಿ ನೋಡಿ, ರಾತ್ರಿ ಹೋಟೆಲಿನಲ್ಲಿ ಮಲಗಿ. ನೆಲದ ಮೇಲಿನ ಗಾಳಿ ಹಾಸಿಗೆ ನಿಮ್ಮ ಹೃದಯಕ್ಕಲ್ಲ.

ಮೊದಲ ಶತ್ರು ಚಳಿ. ಬೇಸಿಗೆ ಅಂತ ನಂಬಿ ಹೋಗಬೇಡಿ. ಜುಲೈನಲ್ಲೂ ನದಿ ದಡದಲ್ಲಿ ಬೆಳಗಿನ ಜಾವ 10 ಡಿಗ್ರಿ ಆಸುಪಾಸಿಗೆ ಇಳಿಯಬಹುದು, ಮೇ ತಿಂಗಳಲ್ಲಿ ಇನ್ನೂ ಕೆಳಗೆ. ಮುಂಬೈ, ಚೆನ್ನೈಯಲ್ಲಿ ಮೂವತ್ತು ವರ್ಷ ಕಳೆದ ಮೈಗೆ ಇದು ಸಣ್ಣ ಮಾತಲ್ಲ. ಚಳಿಗೆ ರಕ್ತನಾಳಗಳು ಬಿಗಿಯುತ್ತವೆ, ಬಿಪಿ ಏರುತ್ತದೆ, ಮೂತ್ರವೂ ಹೆಚ್ಚುತ್ತದೆ. ನಡುರಾತ್ರಿ ಟಾರ್ಚ್ ಹಿಡಿದು ಒದ್ದೆ ಹುಲ್ಲಿನ ಮೇಲೆ ಪಾಯಿಖಾನೆಗೆ ನಡೆಯಬೇಕು. ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್ ತೆಗೆದುಕೊಳ್ಳುವ ಯಜಮಾನರು ನೆಲದಿಂದ ಥಟ್ಟನೆ ಎದ್ದರೆ ತಲೆ ಸುತ್ತಿ ಬೀಳುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆಯೂ ನಡೆಯುತ್ತಿದ್ದರೆ ತಲೆಗೆ ಬಿದ್ದ ಪೆಟ್ಟು ದೊಡ್ಡದಾಗುತ್ತದೆ. ಮಡಚುವ ಮಂಚ ತರಲು ಮಕ್ಕಳಿಗೆ ಹೇಳಿ. ಎದ್ದ ಮೇಲೆ ಒಂದು ನಿಮಿಷ ಕುಳಿತು ಆಮೇಲೆ ನಿಲ್ಲಿ. ನೀರಿನ ಮಾತ್ರೆ, ಅಂದರೆ ಲ್ಯಾಸಿಕ್ಸ್ ತರಹದ್ದನ್ನು, ಸಂಜೆಗೆ ಉಳಿಸಬೇಡಿ. ಉಣ್ಣೆ ಟೋಪಿ, ಕಾಲುಚೀಲ ಕಡ್ಡಾಯ. ಸಕ್ಕರೆ ಕಾಯಿಲೆಯವರು ಬಿಸಿನೀರಿನ ಚೀಲವನ್ನು ಪಾದಕ್ಕೆ ಒತ್ತಿಕೊಂಡು ಮಲಗಬಾರದು. ಸ್ಪರ್ಶ ಕಡಿಮೆಯಾದ ಪಾದ ಸುಟ್ಟಿದ್ದು ಬೆಳಿಗ್ಗೆಯೇ ಗೊತ್ತಾಗುವುದು.

ಚಳಿ ತಡೆಯಲಾರದೆ ಮಾಡುವ ಒಂದು ಕೆಲಸದ ಬಗ್ಗೆ ಬಿಡಿಸಿ ಹೇಳುತ್ತೇನೆ. ದಯವಿಟ್ಟು ಇದನ್ನು ಮಕ್ಕಳಿಗೂ ಓದಿಸಿ.

ಸಂಜೆ ಇದ್ದಿಲ ಒಲೆಯಲ್ಲಿ ಜೋಳ, ಪನೀರ್ ಸುಟ್ಟು ತಿಂದಿರುತ್ತೀರಿ. ಉರಿ ಆರಿದೆ, ಕೆಂಡ ಬೂದಿ ಮುಚ್ಚಿದೆ, ಒಲೆ ಇನ್ನೂ ಬೆಚ್ಚಗಿದೆ. "ಇದನ್ನು ಒಳಗಿಟ್ಟರೆ ಅಮ್ಮನಿಗೆ ಬೆಚ್ಚಗಾಗುತ್ತೆ" ಅನಿಸುತ್ತದೆ. ಇಡಬೇಡಿ. ಆರಿದಂತೆ ಕಾಣುವ ಇದ್ದಿಲು ಗಂಟೆಗಟ್ಟಲೆ ಕಾರ್ಬನ್ ಮೊನಾಕ್ಸೈಡ್ ಬಿಡುತ್ತಲೇ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮೂ ಬರುವುದಿಲ್ಲ. ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ರಕ್ತದ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಆರೋಗ್ಯವಂತರೇ ನಿದ್ದೆಯಲ್ಲಿ ಪ್ರಾಣ ಬಿಡುತ್ತಾರೆ. ರಕ್ತನಾಳ ಕಿರಿದಾದ ಹೃದಯ ಇನ್ನೂ ಬೇಗ ಸೋಲುತ್ತದೆ. ಗ್ಯಾಸ್ ಸ್ಟವ್, ಗ್ಯಾಸ್ ಹೀಟರ್‌ಗೂ ಇದೇ ಮಾತು. ಮಳೆ ಸುರಿಯುತ್ತಿದ್ದರೂ ಟೆಂಟಿನೊಳಗೆ, ಟೆಂಟಿನ ಜಗಲಿಯಲ್ಲಿ ಒಲೆ ಹಚ್ಚಕೂಡದು.

ಒಂದೇ ಟೆಂಟಿನಲ್ಲಿರುವ ಇಬ್ಬರಿಗೆ ಒಟ್ಟಿಗೆ ತಲೆನೋವು, ತಲೆಸುತ್ತು, ವಾಂತಿ ಬಂದಂತಾದರೆ ಪಿತ್ತ ಅಂತ ಶುಂಠಿ ಕಷಾಯ ಕುದಿಸುತ್ತಾ ಕೂರಬೇಡಿ. ಎಲ್ಲರೂ ಮೊದಲು ಹೊರಗೆ ಬನ್ನಿ, ಆಂಬುಲೆನ್ಸ್ ಕರೆಸಿ. ಕೋವಿಡ್ ಕಾಲದಲ್ಲಿ ಕೊಂಡ ಬೆರಳಿನ ಆಕ್ಸಿಮೀಟರ್ ಇಲ್ಲಿ ಮೋಸ ಮಾಡುತ್ತದೆ. ಕಾರ್ಬನ್ ಮೊನಾಕ್ಸೈಡ್ ಅಂಟಿದ ರಕ್ತವನ್ನೂ ಅದು ಆಮ್ಲಜನಕ ತುಂಬಿದ ರಕ್ತ ಎಂದೇ ಓದಿ 98 ತೋರಿಸಬಹುದು. ಆ ಅಂಕಿ ನೋಡಿ ಮತ್ತೆ ಮಲಗಿದರೆ ಕಥೆ ಮುಗಿಯಿತು.

ಇನ್ನು ನದಿ. ನಮ್ಮಲ್ಲಿ ಹೊಳೆ ಈಜಿದವರಿಗೆ ನೀರು ಕಂಡರೆ ಕಾಲು ನಿಲ್ಲುವುದಿಲ್ಲ. ಹೊರಗೆ 28 ಡಿಗ್ರಿ ಬಿಸಿಲಿದ್ದ ದಿನವೂ ಅಲ್ಲಿನ ಹೊಳೆ ನೀರು ತಣ್ಣಗೇ ಇರುತ್ತದೆ. 15 ಡಿಗ್ರಿಗಿಂತ ಕಡಿಮೆ ಇರುವ ನೀರಿಗೆ ಥಟ್ಟನೆ ಬಿದ್ದರೆ ಬಾಯಿ ತಾನಾಗಿ ತೆರೆದು ಉಸಿರು ಒಳಗೆಳೆಯುತ್ತದೆ. ಆ ಹೊತ್ತಿಗೆ ತಲೆ ಮುಳುಗಿದ್ದರೆ ಗಾಳಿಯ ಬದಲು ನೀರು. ಜೊತೆಗೆ ನಾಡಿ ಓಡುತ್ತದೆ, ಬಿಪಿ ಜಿಗಿಯುತ್ತದೆ. ಇದನ್ನು ದಶಕಗಳಿಂದ ಅಧ್ಯಯನ ಮಾಡಿರುವ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಪ್ರೊ. ಮೈಕ್ ಟಿಪ್ಟನ್ ಇನ್ನೊಂದು ಅಂಶ ತೋರಿಸಿಕೊಟ್ಟಿದ್ದಾರೆ. ಚರ್ಮಕ್ಕೆ ತಾಗಿದ ಚಳಿ ಹೃದಯವನ್ನು ಓಡಿಸುತ್ತದೆ, ಮುಖಕ್ಕೆ ತಾಗಿದ ನೀರು ಅದೇ ಹೃದಯವನ್ನು ನಿಧಾನಿಸು ಅನ್ನುತ್ತದೆ. ಈ ಎಳೆದಾಟದಲ್ಲಿ ಬಡಿತದ ತಾಳ ತಪ್ಪಬಹುದು. ಸ್ಟೆಂಟ್, ಬೈಪಾಸ್, ತಾಳ ತಪ್ಪುವ ಕಾಯಿಲೆ ಇದ್ದವರು ಅಲ್ಲಿ ಈಜಬೇಡಿ. ಈ ವಿಷಯದಲ್ಲಿ ನನ್ನೊಂದಿಗೆ ಚೌಕಾಸಿ ಬೇಡ. ಮೊಣಕಾಲವರೆಗೆ ಇಳಿದು ಮೊಮ್ಮಕ್ಕಳ ಕೈ ಹಿಡಿದು ನಿಲ್ಲಿ, ಸಾಕು.

ಕಾಲು ಜಾರಿ ಬಿದ್ದೇಬಿಟ್ಟರೆ? ಅಲ್ಲಿನ ರಾಯಲ್ ನ್ಯಾಷನಲ್ ಲೈಫ್‌ಬೋಟ್ ಇನ್‌ಸ್ಟಿಟ್ಯೂಷನ್ ಮಕ್ಕಳಿಗೂ ಕಲಿಸುವುದು ಒಂದೇ: ಮೊದಲು ಈಜಬೇಡ, ತೇಲು. ತಲೆ ಹಿಂದಕ್ಕೆ ಬಾಗಿಸಿ, ಕಿವಿ ನೀರಿನಲ್ಲಿರಲಿ, ಮುಖ ಆಕಾಶಕ್ಕೆ, ಕೈಕಾಲು ಮೆಲ್ಲಗೆ ಆಡಿಸಿ. ಒಂದೆರಡು ನಿಮಿಷದಲ್ಲಿ ಉಸಿರು ಹತೋಟಿಗೆ ಬರುತ್ತದೆ. ಆಮೇಲೆ ಕೂಗಿ, ದಡ ನೋಡಿ. ದಡದಲ್ಲಿದ್ದವರು ಹಿಂದೆಯೇ ಜಿಗಿಯಬೇಡಿ. ಹಗ್ಗ, ಕೋಲು, ಮುಚ್ಚಳ ಬಿಗಿದ ಖಾಲಿ ನೀರಿನ ಕ್ಯಾನು ಎಸೆಯಿರಿ.

ನೀರು ಸ್ವಚ್ಛವಾಗಿ ಕಂಡರೂ ಕುಡಿಯಬೇಡಿ. ಕೋಳಿ ಫಾರಂಗಳ ಗೊಬ್ಬರ, ಚರಂಡಿ ನೀರು ವೈ ನದಿಯನ್ನು ಕೆಡಿಸಿರುವ ಬಗ್ಗೆ ಅಲ್ಲಿ ದೊಡ್ಡ ಗಲಾಟೆಯೇ ನಡೆದಿದೆ. 2023ರಲ್ಲಿ ಸರ್ಕಾರದ ನ್ಯಾಚುರಲ್ ಇಂಗ್ಲೆಂಡ್ ಸಂಸ್ಥೆ ನದಿಯ ಸ್ಥಿತಿ ಹದಗೆಡುತ್ತಿದೆ ಎಂದು ದರ್ಜೆ ಇಳಿಸಿತು. ಇಲಿ ಜ್ವರ ಮುಂಬೈಯ ಮಳೆಗಾಲ ಕಂಡವರಿಗೆ ಗೊತ್ತಿದೆ. ಅಪರೂಪವಾದರೂ ಅದು ಅಲ್ಲೂ ಇದೆ. ಕಾಲಿಗೆ ಗಾಯವಿದ್ದರೆ ನೀರಿಗೆ ಇಳಿಯಬೇಡಿ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ಯಾಕೆಟ್ ಸೂಪು, ನೂಡಲ್ಸ್, ಜೊತೆಗೆ ಮನೆಯಿಂದ ಒಯ್ದ ಉಪ್ಪಿನಕಾಯಿ, ಹಪ್ಪಳ ಸೇರಿದರೆ ಎರಡು ದಿನದಲ್ಲಿ ಕಾಲು ಊದುತ್ತದೆ. ಅವಲಕ್ಕಿ, ಹುರಿಗಾಳು ಒಯ್ಯಿರಿ. ಒಲೆಯೇ ಬೇಕಿಲ್ಲ.

ಎದೆನೋವು ಬಂದರೆ 999. ಮಗನ ಕಾರಿನಲ್ಲಿ ಆಸ್ಪತ್ರೆ ಹುಡುಕಿಕೊಂಡು ಹೊರಡಬೇಡಿ, ದಾರಿಯಲ್ಲಿ ಹೃದಯ ನಿಂತರೆ ಕಾರಿನಲ್ಲಿ ಏನೂ ಮಾಡಲಾಗದು. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಸಿಗ್ನಲ್ ಇದ್ದರೆ 999 ಕರೆ ಹೋಗುತ್ತದೆ, ಪ್ರಯತ್ನಿಸಿ. ಹೊಲದ ನಡುವೆ ವಿಳಾಸ ಹೇಳುವುದು ಹೇಗೆ? ವಾಟ್ ಥ್ರೀ ವರ್ಡ್ಸ್ ಎಂಬ ಆ್ಯಪ್ ನೀವಿರುವ ಮೂರು ಮೀಟರ್ ಚೌಕಕ್ಕೆ ಮೂರು ಪದ ಕೊಡುತ್ತದೆ, ಆಂಬುಲೆನ್ಸಿನವರು ಅದನ್ನು ಬಳಸುತ್ತಾರೆ. ಹೋದ ದಿನವೇ ಆ ಪದಗಳನ್ನು ಬರೆದಿಟ್ಟುಕೊಳ್ಳಿ. ಅಲರ್ಜಿ ಇಲ್ಲದಿದ್ದರೆ, 999ರವರು ಹೇಳಿದಂತೆ 300 ಮಿ.ಗ್ರಾಂ. ಆಸ್ಪಿರಿನ್ ಅಗಿದು ನುಂಗಿ. ಸಾರ್ಬಿಟ್ರೇಟ್ ಕೊಟ್ಟಿದ್ದರೆ ಕುಳಿತುಕೊಂಡೇ ನಾಲಿಗೆ ಕೆಳಗಿಡಿ. ವಯಾಗ್ರಾ ಗುಂಪಿನ ಮಾತ್ರೆ ತೆಗೆದುಕೊಂಡವರು ಇಡಬಾರದು. ಸಂಕೋಚ ಪಟ್ಟು ಮುಚ್ಚಿಡಬೇಡಿ. ಊರೊಳಗೆ ಹಳೆಯ ಕೆಂಪು ಟೆಲಿಫೋನ್ ಡಬ್ಬಿ ಕಂಡರೆ ಫೋಟೊ ತೆಗೆಯುವುದರ ಜೊತೆಗೆ ಒಳಗೂ ಇಣುಕಿ. ಎಷ್ಟೋ ಕಡೆ ಅದರಲ್ಲಿ ಈಗ ಹೃದಯಕ್ಕೆ ಶಾಕ್ ಕೊಡುವ ಯಂತ್ರವಿದೆ. ಬೀಗದ ಸಂಖ್ಯೆಯನ್ನು 999ರವರು ಹೇಳುತ್ತಾರೆ.

ಖರ್ಚಿನ ಮಾತು. ಪ್ರವಾಸಿ ವೀಸಾದಲ್ಲಿ ಹೋದ ನಮ್ಮವರಿಗೆ ಅಲ್ಲಿ ತುರ್ತು ವಿಭಾಗದ ಚಿಕಿತ್ಸೆ ಉಚಿತ, ಆದರೆ ವಾರ್ಡಿಗೆ ದಾಖಲಾದ ಕ್ಷಣದಿಂದ ಮೂಲ ದರದ ಒಂದೂವರೆ ಪಟ್ಟು ಬಿಲ್ಲು. ವಿಮೆ ಮಾಡಿಸುವಾಗ ಸ್ಟೆಂಟ್, ಬಿಪಿ, ಸಕ್ಕರೆ ಎಲ್ಲವನ್ನೂ ಬರೆಸಿ. ಮುಚ್ಚಿಟ್ಟರೆ ವಿಮೆ ಇದ್ದೂ ಇಲ್ಲದಂತೆ. ಮಾತ್ರೆಗಳನ್ನು ಕೈಚೀಲದಲ್ಲೇ ಇಡಿ, ಚೀಟಿಯಲ್ಲಿ ಬ್ರ್ಯಾಂಡ್ ಜೊತೆ ಔಷಧದ ಮೂಲ ಹೆಸರೂ ಇರಲಿ. ಎಕೋಸ್ಪ್ರಿನ್ ಅಂದರೆ ಅಲ್ಲಿನ ಅಂಗಡಿಯವರಿಗೆ ತಿಳಿಯಲಿಕ್ಕಿಲ್ಲ, ಆಸ್ಪಿರಿನ್ 75 ಅಂದರೆ ತಿಳಿಯುತ್ತದೆ.

ಕೊನೆಯದಾಗಿ ಉಣುಗು, ಅಂದರೆ ಉಣ್ಣೆ ಹುಳ. ಶಿವಮೊಗ್ಗ ಕಡೆಯವರಿಗೆ ಮಂಗನ ಕಾಯಿಲೆಯಿಂದ ಇದರ ಭಯ ಗೊತ್ತು. ಇಂಗ್ಲೆಂಡಿನ ಎತ್ತರದ ಹುಲ್ಲಿನ ಉಣುಗು ತರುವುದು ಲೈಮ್ ಕಾಯಿಲೆ. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಸಂಜೆ ಕಂಕುಳು, ಮಂಡಿಯ ಹಿಂಭಾಗ, ಮಕ್ಕಳ ಕೂದಲಂಚು ನೋಡಿ. ಕಚ್ಚಿಕೊಂಡಿದ್ದರೆ ಎಣ್ಣೆ ಹಚ್ಚಬೇಡಿ, ಸುಡಬೇಡಿ. ಚೂಪು ಚಿಮಟದಿಂದ ಚರ್ಮಕ್ಕೆ ಅಂಟಿಸಿ ಹಿಡಿದು ನಿಧಾನ ಮೇಲಕ್ಕೆ ಎಳೆಯಿರಿ. ಸಾಮಾನ್ಯವಾಗಿ ಒಂದರಿಂದ ನಾಲ್ಕು ವಾರದಲ್ಲಿ ಹರಡುವ ಕೆಂಪು ವೃತ್ತ ಕಾಣಬಹುದು. ಅಷ್ಟರಲ್ಲಿ ನೀವು ಪುಣೆಗೋ ಹೈದರಾಬಾದಿಗೋ ವಾಪಸಾಗಿರುತ್ತೀರಿ. ಕೆಲವರಲ್ಲಿ ಇದು ಹೃದಯದ ವಿದ್ಯುತ್ ಹಾದಿಗೆ ತಗುಲಿ ನಾಡಿ ನಲವತ್ತಕ್ಕೆ ಇಳಿಯುತ್ತದೆ, ತಲೆಸುತ್ತು, ಕಣ್ಣು ಕತ್ತಲೆ ಬರುತ್ತದೆ. ನಮ್ಮಲ್ಲಿ ಈ ಕಾಯಿಲೆ ಅಪರೂಪವಾದ್ದರಿಂದ ನೋಡುವ ವೈದ್ಯರಿಗೆ ತಕ್ಷಣ ಹೊಳೆಯದೇ ಇರಬಹುದು. ಕಾಯಂ ಪೇಸ್‌ಮೇಕರ್ ಹಾಕುವ ಮಾತು ಬರುತ್ತದೆ, ಆದರೆ ಸರಿಯಾದ ಆ್ಯಂಟಿಬಯಾಟಿಕ್ ಕೊಟ್ಟರೆ ಬಹುತೇಕ ಇದು ಗುಣವಾಗುತ್ತದೆ. ಊರಿಗೆ ಬಂದ ಮೂರು ತಿಂಗಳೊಳಗೆ ಜ್ವರ, ಕೆಂಪು ಕಲೆ, ತಲೆಸುತ್ತು ಏನೇ ಆದರೂ ವೈದ್ಯರು ಕೇಳುವ ಮೊದಲೇ ಹೇಳಿ: "ಇಂಗ್ಲೆಂಡಿನಲ್ಲಿ ನದಿ ದಡದಲ್ಲಿ ಟೆಂಟಿನಲ್ಲಿ ಮಲಗಿದ್ದೆ, ಹುಲ್ಲಿನಲ್ಲಿ ಓಡಾಡಿದ್ದೆ."