ಶ್ರುತಪಂಚಮಿ: ಓದು ಬರಹ ಬೀದಿಗೆ ಬರುವ ದಿನ

ಜ್ಯೇಷ್ಠ ಶುಕ್ಲ ಪಂಚಮಿಯೇ ಶ್ರುತಪಂಚಮಿ. ಧರಸೇನಾಚಾರ್ಯರಿಂದ ಕಲಿತ ಪುಷ್ಪದಂತ ಮತ್ತು ಭೂತಬಲಿ ಮುನಿಗಳು ಷಟ್ಖಂಡಾಗಮವನ್ನು ಗ್ರಂಥರೂಪಕ್ಕೆ ತಂದ ನೆನಪಿನ ದಿನವಿದು. ಅಂದು ಶಾಸ್ತ್ರಗಳನ್ನು ಹೊರತೆಗೆದು, ಧೂಳು ಒರೆಸಿ, ಹೊಸ ವಸ್ತ್ರ ಸುತ್ತಿ ಪೂಜಿಸುತ್ತಾರೆ; ಮೆರವಣಿಗೆಯಲ್ಲಿ ಒಯ್ಯುವ ರೂಢಿಯೂ ಇದೆ.

ತಾಳೆಗರಿ ಶಾಶ್ವತವಲ್ಲ. ಪ್ರತಿ ಮಾಡಿದರಷ್ಟೇ ಗ್ರಂಥ ಉಳಿಯುತ್ತದೆ. ಅದಕ್ಕೇ ಶಾಸ್ತ್ರದಾನವನ್ನು ನಾಲ್ಕು ದಾನಗಳಲ್ಲಿ ಒಂದೆಂದು ಎಣಿಸಿದರು. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳು. ಷಟ್ಖಂಡಾಗಮದ ಧವಲಾ ಟೀಕೆಯ ಓಲೆಗಳು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಉಳಿದಿದ್ದವು. ಭಾಷೆ ಪ್ರಾಕೃತ, ಲಿಪಿ ಹಳಗನ್ನಡ. ಆ ಲಿಪಿ ಓದಬಲ್ಲವರು ಪ್ರತಿ ಮಾಡಿದ್ದರಿಂದಲೇ 1939ರಿಂದ ಅದು ಮುದ್ರಣ ಕಂಡಿತು.

ಬೀಜಾಡಿಯ ಆಸುಪಾಸಿನಲ್ಲಿ ಓದಲು ಬರಹಕ್ಕೆ ಕೊರತೆಯಿಲ್ಲ. ಬ್ರಹ್ಮಾವರ ತಾಲ್ಲೂಕಿನ ಬಾರ್ಕೂರಿನ ಕತ್ತಲೆ ಬಸದಿಯಲ್ಲಿ ಶಿಲಾಶಾಸನಗಳಿವೆ. ಶಾಸನವೆಂದರೆ ಎಲ್ಲರ ಎದುರು ನಿಲ್ಲಿಸಿದ ಬರಹ. ದಾನವೇನು, ಕೊಟ್ಟವರಾರು ಎಂಬುದಕ್ಕೆ ಊರೇ ಸಾಕ್ಷಿ. ಆದರೆ ಓದುವವರಿಲ್ಲದಿದ್ದರೆ ಅದು ಬರೀ ಕಲ್ಲು.

ಹಿಂದೆ ಮಕ್ಕಳು ಮರಳ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುತ್ತಿದ್ದರು. ಬೀಜಾಡಿಯ ಕಡಲತೀರದಲ್ಲಿ ಮರಳಿಗೆ ಬರವೇ? ಶ್ರುತಪಂಚಮಿ ಬರುವುದು ಮಳೆಗಾಲದ ಹೊಸ್ತಿಲಲ್ಲಿ. ಮಳೆ ಬಿಡುವು ಕೊಟ್ಟರೆ ದಡದಲ್ಲಿ, ಇಲ್ಲವಾದರೆ ಜಗಲಿಯಲ್ಲಿ ಮರಳು ಹರಡಿ, ಹಿರಿಯರೊಡನೆ ಕೂತು ಹಳೆಯ ಲಿಪಿಯ ನಾಲ್ಕಕ್ಷರ ತಿದ್ದಿಸಬಹುದು. ಅದೂ ಶಾಸ್ತ್ರದಾನವೇ.