ಖಾಸಗಿ ಜಾಲ ಎಷ್ಟು ಖಾಸಗಿ?

ಬ್ಯಾಂಕಿನ ಲೆಕ್ಕ, ರೋಗಿಗಳ ಕಡತ, ವಿದ್ಯಾರ್ಥಿಗಳ ಅಂಕಪಟ್ಟಿ – ಇವು ಆಯಾ ಸಂಸ್ಥೆಯ ಕಟ್ಟಡದೊಳಗಿನ ಕಂಪ್ಯೂಟರಿನಲ್ಲಿಯೇ ಇರಬೇಕೆಂದಿಲ್ಲ. ದೂರದ ಡೇಟಾ ಕೇಂದ್ರವೊಂದರಲ್ಲಿ ಬಾಡಿಗೆಗೆ ಪಡೆದ ಯಂತ್ರಗಳಲ್ಲಿರಬಹುದು. ಇದೇ ಕ್ಲೌಡ್ ಸೇವೆ. ಒಂದೇ ಯಂತ್ರವನ್ನು ಹಲವು ಬಾಡಿಗೆದಾರರು ಹಂಚಿಕೊಳ್ಳಬಹುದಾದ್ದರಿಂದ, ತಂತ್ರಾಂಶದ ಬೇಲಿ ಹಾಕಿ ಪ್ರತಿಯೊಬ್ಬರಿಗೂ ಒಂದು ‘ಖಾಸಗಿ ಜಾಲ’ವನ್ನು ಕಲ್ಪಿಸಲಾಗುತ್ತದೆ. ಅಮೆಜಾನ್ ಇಂಥ ಜಾಲವನ್ನು 2009ರಲ್ಲಿ ಒದಗಿಸಿತು. ಕಚೇರಿಯಿಂದ ಈ ಜಾಲಕ್ಕೆ, ಅಂತರಜಾಲವನ್ನು ಮುಟ್ಟದ ಪ್ರತ್ಯೇಕ ಸಂಪರ್ಕವನ್ನೂ ಪಡೆಯಬಹುದು.

ಆದರೆ ‘ಖಾಸಗಿ’ ಎಂಬ ಪದದಲ್ಲಿ ಎರಡು ಅರ್ಥಗಳು ಬೆರೆತುಹೋಗಿವೆ. ಹೊರಗಿನವರು ಒಳಗೆ ಬರಲಾರರು ಎಂಬುದು ಒಂದು. ದಾರಿಯಲ್ಲಿ ಯಾರೂ ಓದಲಾರರು ಎಂಬುದು ಇನ್ನೊಂದು. ಮೊದಲನೆಯದು ಇದ್ದಮಾತ್ರಕ್ಕೆ ಎರಡನೆಯದು ಇರುವುದಿಲ್ಲ.

ಗೂಗಲ್ ಮತ್ತು ಯಾಹೂ ಸಂಸ್ಥೆಗಳು ತಮ್ಮ ಡೇಟಾ ಕೇಂದ್ರಗಳ ನಡುವೆ ಬಳಸುತ್ತಿದ್ದ ಖಾಸಗಿ ಸಂಪರ್ಕಗಳಿಂದ ಅಮೆರಿಕ ಮತ್ತು ಬ್ರಿಟನ್ನಿನ ಗುಪ್ತಚರ ಸಂಸ್ಥೆಗಳು ಮಾಹಿತಿ ಸೆಳೆಯುತ್ತಿದ್ದವೆಂದು 2013ರ ಅಕ್ಟೋಬರಿನಲ್ಲಿ ವಾಷಿಂಗ್ಟನ್ ಪೋಸ್ಟ್ ವರದಿ ಮಾಡಿತು. ಆ ಬಳಿಕ ಎರಡೂ ಸಂಸ್ಥೆಗಳು ಈ ಒಳದಾರಿಗಳಲ್ಲೂ ಗೂಢಲಿಪಿಯನ್ನು ಅಳವಡಿಸಿದವು.

ದ್ಯುತಿತಂತುವಿನಿಂದ ಬೆಳಕನ್ನು ಕದಿಯಲು ಸಾಧ್ಯವೇ? ಸಾಧ್ಯ. ತಂತುವಿನೊಳಗೆ ಬೆಳಕನ್ನು ಹಿಡಿದಿಡುವುದು ಪೂರ್ಣ ಆಂತರಿಕ ಪ್ರತಿಫಲನ. ತಿರುಳಿನ ವಕ್ರೀಭವನ ಸೂಚ್ಯಂಕ 1.468, ಕವಚದ್ದು 1.463 ಎಂದಿಟ್ಟುಕೊಂಡರೆ ಕ್ರಾಂತಿಕೋನ ಸುಮಾರು 85 ಡಿಗ್ರಿ ಬರುತ್ತದೆ. ತಂತುವನ್ನು ಚಿಕ್ಕ ತ್ರಿಜ್ಯದಲ್ಲಿ ಬಗ್ಗಿಸಿದರೆ ಪತನಕೋನ ಇದಕ್ಕಿಂತ ಕಡಿಮೆಯಾಗಿ ಸ್ವಲ್ಪ ಬೆಳಕು ಹೊರಗೆ ಸೋರುತ್ತದೆ. ಶೇಕಡ 1ರಷ್ಟು ಬೆಳಕನ್ನು ಕದ್ದರೆ ಆಗುವ ನಷ್ಟ 0.044 ಡೆಸಿಬೆಲ್. ಉತ್ತಮ ತಂತುವೇ ಕಿಲೋಮೀಟರಿಗೆ ಸುಮಾರು 0.2 ಡೆಸಿಬೆಲ್ ನಷ್ಟಮಾಡುತ್ತದೆ. ಎಂದರೆ ಈ ಕಳವು ತಂತು 220 ಮೀಟರು ಉದ್ದವಾದುದಕ್ಕೆ ಸಮ! ಗ್ರಾಹಕನಿಗೆ ತಿಳಿಯುವುದೇ ಇಲ್ಲ. ಆದುದರಿಂದ ತಂತುವನ್ನು ಕಾಯುವುದಕ್ಕಿಂತ, ಕದ್ದರೂ ಅರ್ಥವಾಗದಂತೆ ಮಾಡುವುದೇ ಮೇಲು. ಪ್ರತ್ಯೇಕ ಸಂಪರ್ಕ ಪಡೆದವರು ಮೊದಲು ಕೇಳಬೇಕಾದ ಪ್ರಶ್ನೆ: ಇದರಲ್ಲಿ ಗೂಢಲಿಪಿ ತಾನಾಗಿಯೇ ಇದೆಯೇ, ನಾವೇ ಹಾಕಬೇಕೇ? ಬಹಳ ಕಡೆ ನಾವೇ ಹಾಕಬೇಕು.

ಇನ್ನು ಮೊದಲನೆಯ ಅರ್ಥಕ್ಕೆ ಬರೋಣ. ಅಂಕಪಟ್ಟಿಯ ಯಂತ್ರವನ್ನು ಹೊರಗಿನಿಂದ ತಲುಪಲಾಗದು ಎಂದು ಖಚಿತಪಡಿಸಿಕೊಳ್ಳುವುದು ಹೇಗೆ? ಹೊರಗಿನಿಂದ ಪರೀಕ್ಷಾ ಸಂದೇಶ ಕಳುಹಿಸಿ, ಉತ್ತರ ಬಾರದಿದ್ದರೆ ಸರಿ ಎನ್ನುವುದು ವಾಡಿಕೆ. ಇದು ನೂರು ಬೀಗದ ಮನೆಯಲ್ಲಿ ಒಂದು ಬೀಗವನ್ನು ಜಗ್ಗಿ ನೋಡಿದಂತೆ. ಸಂದೇಶದ ಪ್ರತಿ ಪೊಟ್ಟಣದ ತಲೆಬರಹದಲ್ಲಿ ಕಳುಹಿಸುವವರ ಮತ್ತು ಪಡೆಯುವವರ ವಿಳಾಸ (32 ಬಿಟ್‌ಗಳಂತೆ), ಎರಡೂ ತುದಿಗಳ ಪೋರ್ಟ್ ಸಂಖ್ಯೆ (16 ಬಿಟ್‌ಗಳಂತೆ), ಸಂವಹನ ಬಗೆಯ ಸೂಚನೆ (8 ಬಿಟ್) ಇರುತ್ತವೆ. ಒಟ್ಟು 104 ಬಿಟ್. ಎಂದರೆ ಸುಮಾರು 2 × 10^31 ಬಗೆಯ ಪೊಟ್ಟಣಗಳು. ಸೆಕೆಂಡಿಗೆ ನೂರು ಕೋಟಿಯಂತೆ ಪರೀಕ್ಷಿಸಿದರೂ ವಿಶ್ವದ ವಯಸ್ಸಿನ 46 ಸಾವಿರ ಪಟ್ಟು ಕಾಲ ಬೇಕು.

ಆದುದರಿಂದ ಪೊಟ್ಟಣ ಕಳುಹಿಸುವುದನ್ನು ಬಿಟ್ಟು ತರ್ಕವನ್ನು ಹಿಡಿಯಬೇಕು. ಪ್ರಯೋಗಶಾಲೆಯ ವಿದ್ಯುನ್ಮಂಡಲವನ್ನು ನೆನೆಯಿರಿ. ಸರಣಿಯಲ್ಲಿರುವ ಸ್ವಿಚ್ಚುಗಳೆಲ್ಲ ಮುಚ್ಚಿದ್ದರೆ ಮಾತ್ರ ದೀಪ ಉರಿಯುತ್ತದೆ. ಸಮಾಂತರದಲ್ಲಿ ಒಂದು ಮುಚ್ಚಿದ್ದರೂ ಸಾಕು. ಜಾಲದ ನಿಯಮಗಳೂ ಹಾಗೆಯೇ. ದಾರಿಸೂಚಿ ಬಿಡಬೇಕು, ದ್ವಾರ ತೆರೆದಿರಬೇಕು, ಯಂತ್ರದ ಕಾವಲು ನಿಯಮ ಒಪ್ಪಬೇಕು: ಇವು ಸರಣಿ. ದ್ವಾರಗಳು ಎರಡಿದ್ದರೆ ಅದು ಸಮಾಂತರ. ನಿಯಮಗಳು ಮಂಡಲದ ಜೋಡಣೆಯನ್ನು ನಿರ್ಧರಿಸುತ್ತವೆ. ಪೊಟ್ಟಣದ 104 ಬಿಟ್‌ಗಳೇ ಸ್ವಿಚ್ಚುಗಳು. ದೀಪ ಉರಿಯುವ ಒಂದಾದರೂ ಜೋಡಿಕೆ ಇದೆಯೇ ಎಂದು ಪರಿಹಾರಕ ತಂತ್ರಾಂಶವನ್ನು ಕೇಳುತ್ತೇವೆ. ಅದು ಒಂದೊಂದನ್ನೇ ಎಣಿಸದೆ, ಒಂದು ನಿಯಮ ತಡೆಯುವ ಪೊಟ್ಟಣಗಳ ಇಡೀ ಗುಂಪನ್ನೇ ಒಮ್ಮೆಗೆ ಬದಿಗೆ ಸರಿಸುತ್ತದೆ. ಜೋಡಿಕೆ ಇದ್ದರೆ ಆ ಪೊಟ್ಟಣವನ್ನೇ ಎದುರಿಗಿಡುತ್ತದೆ. ಇಲ್ಲದಿದ್ದರೆ ‘ಇಲ್ಲ’ ಎಂಬುದು ರೇಖಾಗಣಿತದ ಪ್ರಮೇಯದಷ್ಟೇ ಖಚಿತ. ಟೈರೋಸ್ ಎಂಬ ಇಂಥ ಸಾಧನವನ್ನು ಅಮೆಜಾನಿನ ಸಂಶೋಧಕರು 2019ರಲ್ಲಿ ವಿವರಿಸಿದರು. 2020ರ ಡಿಸೆಂಬರಿನಲ್ಲಿ ಗ್ರಾಹಕರಿಗೂ ಇಂಥ ಪರಿಶೀಲನಾ ಸೌಲಭ್ಯ ದೊರೆಯಿತು.

ಖಚಿತವೆಂದೆ, ಆದರೆ ಯಾವುದರ ಬಗ್ಗೆ ಖಚಿತ? ಕಾಗದದ ಮೇಲಿನ ನಿಯಮಗಳ ಬಗ್ಗೆ ಮಾತ್ರ. 2019ರಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನಿಂದ ಸುಮಾರು 10 ಕೋಟಿ ಅಮೆರಿಕನ್ನರ ಮತ್ತು 60 ಲಕ್ಷ ಕೆನಡಿಯನ್ನರ ಮಾಹಿತಿ ಸೋರಿತು. ಹೊರಗಿನ ಕೋರಿಕೆಗಳನ್ನು ಸೋಸಲೆಂದೇ ಇಟ್ಟಿದ್ದ ಯಂತ್ರವನ್ನು ಪುಸಲಾಯಿಸಿ, ಒಳಗಿನಿಂದ ಮಾತ್ರ ತಲುಪಬಹುದಾದ ವಿಳಾಸವೊಂದನ್ನು ಅದರ ಕೈಯಿಂದಲೇ ಕೇಳಿಸಲಾಯಿತು. ಅಲ್ಲಿ ದೊರೆತ ತಾತ್ಕಾಲಿಕ ಕೀಲಿಯೇ ಉಗ್ರಾಣವನ್ನು ತೆರೆಯಿತು. ಪ್ರತಿ ಪೊಟ್ಟಣವೂ ಅನುಮತಿಯಿದ್ದ ದಾರಿಯಲ್ಲೇ ಸಾಗಿತ್ತು. ದಾರಿಯ ಲೆಕ್ಕ ಮಾತ್ರ ನೋಡುವ ಪರಿಶೀಲಕನಿಗೆ ಇದು ತಪ್ಪಾಗಿ ಕಾಣುವುದಿಲ್ಲ. ಆದುದರಿಂದ ದಾರಿಯ ಜೊತೆಗೆ, ಯಾವ ಯಂತ್ರದ ಕೈಯಲ್ಲಿ ಯಾವ ಕೀಲಿಯಿದೆ, ಅದು ಎಷ್ಟು ಬಾಗಿಲು ತೆರೆಯುತ್ತದೆ ಎಂಬುದನ್ನೂ ಬೇರೆಯಾಗಿ ಪರಿಶೀಲಿಸಬೇಕು. ಆ ಬ್ಯಾಂಕಿನ ಸೋಸುವ ಯಂತ್ರಕ್ಕೆ ಉಗ್ರಾಣದ ಕಡತಗಳನ್ನು ಓದುವ ಹಕ್ಕೇ ಇಲ್ಲದಿದ್ದರೆ, ಕದ್ದ ಕೀಲಿಯಿಂದ ಅಲ್ಲಿ ಏನೂ ದೊರೆಯುತ್ತಿರಲಿಲ್ಲ.