ಮೇಣದಲ್ಲಿ ನಿಂತ ಸ್ವರಗಳು: ವೀಣೆ ತಯಾರಾಗುವ ಬಗೆ

ಕರ್ನಾಟಕ ಸಂಗೀತದ ವೀಣೆಗೆ 24 ಮೆಟ್ಟಿಲುಗಳು. ಹಿತ್ತಾಳೆ ಅಥವಾ ಕಂಚಿನ ಈ ಪಟ್ಟಿಗಳನ್ನು ಮರಕ್ಕೆ ಮೊಳೆ ಹೊಡೆದು ಕೂರಿಸಿರುವುದಿಲ್ಲ, ಸಿತಾರಿನಲ್ಲಿ ಮಾಡುವಂತೆ ದಾರದಿಂದ ಬಿಗಿದಿರುವುದೂ ಇಲ್ಲ. ದಂಡಿಯ ಎರಡೂ ಅಂಚುಗಳಲ್ಲಿ ಉದ್ದಕ್ಕೂ ಎಬ್ಬಿಸಿದ ಕಪ್ಪು ಮೇಣದ ಏರಿಯಲ್ಲಿ ಅವು ಹುದುಗಿ ನಿಂತಿರುತ್ತವೆ. ವೀಣೆಯನ್ನು ನೋಡಿದವರ ಕಣ್ಣು ಮೊದಲು ಹೋಗುವುದು ದಂಡಿಯ ತುದಿಯಲ್ಲಿ ಕೆತ್ತಿದ ಯಾಳಿ ಎಂಬ ಕಾಲ್ಪನಿಕ ಮೃಗದ ಮುಖಕ್ಕೆ, ಕೊಡದ ಮೇಲಿನ ಕುಸುರಿಗೆ. ಆದರೆ ವಾದ್ಯದ ಬೆಲೆ ತೀರ್ಮಾನವಾಗುವುದು ಈ ಮೇಣದಲ್ಲಿ ಮತ್ತು ತಂತಿಗಳನ್ನು ಹೊರುವ ಪುಟ್ಟ ಕುದುರೆಯಲ್ಲಿ. ಇವೆರಡು ಸರಿಯಿಲ್ಲದಿದ್ದರೆ ಎಷ್ಟು ಚೆಂದದ ಕೆತ್ತನೆಯಿದ್ದರೂ ಅದು ಗೋಡೆಗೆ ಒರಗಿಸಿಡುವ ಅಲಂಕಾರವಷ್ಟೆ.

ಭರತನ ನಾಟ್ಯಶಾಸ್ತ್ರ ಹೇಳುವ ವೀಣೆಗೆ ಮೆಟ್ಟಿಲುಗಳೇ ಇರಲಿಲ್ಲ. ಅದು ಬಿಲ್ಲಿನಂತೆ ಬಾಗಿದ, ಸ್ವರಕ್ಕೊಂದು ತಂತಿಯಿದ್ದ ವಾದ್ಯ. ಗುಪ್ತರ ಅರಸ ಸಮುದ್ರಗುಪ್ತ ತನ್ನ ಚಿನ್ನದ ನಾಣ್ಯಗಳ ಮೇಲೆ ತೊಡೆಯ ಮೇಲಿಟ್ಟುಕೊಂಡು ನುಡಿಸುತ್ತಿರುವುದು ಇಂಥದ್ದನ್ನೇ. ಒಂದು ಸ್ಥಾಯಿಯೊಳಗಿನ 22 ಶ್ರುತಿಗಳನ್ನು ತೋರಿಸಿಕೊಡಲು ಭರತ ಹೇಳಿದ ಪ್ರಯೋಗವೂ ಇದರ ಮೇಲೆಯೇ: ಒಂದೇ ಅಳತೆಯ ಎರಡು ವೀಣೆಗಳನ್ನು ಸಮನಾಗಿ ಶ್ರುತಿ ಮಾಡಿ, ಒಂದನ್ನು ಹಾಗೆಯೇ ಬಿಟ್ಟು, ಇನ್ನೊಂದರ ತಂತಿಗಳನ್ನು ಹಂತ ಹಂತವಾಗಿ ಸಡಿಲಿಸುತ್ತ ಹೋಗಬೇಕು.

ಮುಂದಿನ ಶತಮಾನಗಳಲ್ಲಿ ಬಿಲ್ಲು ಹಿಂದೆ ಸರಿದು ಕೋಲು ಬಂತು. ಉದ್ದನೆಯ ಬಿದಿರು ಅಥವಾ ಮರದ ದಂಡಿ, ಅದಕ್ಕೆ ಕಟ್ಟಿದ ಸೋರೆಬುರುಡೆ, ಮೇಲೆ ಒಂದೆರಡು ತಂತಿ. ಬೇಲೂರು, ಹಳೇಬೀಡುಗಳ ಹೊಯ್ಸಳ ಶಿಲ್ಪಗಳಲ್ಲಿ ಕಾಣುವುದು ಈ ಬಗೆಯ ವೀಣೆ. ಕೋಲಿಗೆ ಮೆಟ್ಟಿಲು ಕೂರಿಸಿದಾಗ ಹುಟ್ಟಿದ್ದು ಕಿನ್ನರಿ. ಅದನ್ನು ರೂಪಿಸಿದವನು ಮತಂಗ ಎಂದು ಪರಂಪರೆ ಹೇಳುತ್ತದೆ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಸ್ಥಾನದಲ್ಲಿದ್ದ ಶಾರ್ಙ್ಗದೇವ ತನ್ನ ಸಂಗೀತರತ್ನಾಕರದಲ್ಲಿ ಕಿನ್ನರಿ ಮಾಡುವ ಕ್ರಮವನ್ನು ವಿವರವಾಗಿ ಬರೆದಿದ್ದಾನೆ. ಹದ್ದಿನ ಮೂಳೆಯ ಮೆಟ್ಟಿಲುಗಳನ್ನು, ಬಟ್ಟೆ ಸುಟ್ಟ ಮಸಿ ಬೆರೆಸಿದ ಮೇಣದಿಂದ ದಂಡಿಗೆ ಕೂರಿಸಬೇಕೆನ್ನುವ ಆ ವಿಧಾನಕ್ಕೂ ಇಂದು ವೀಣೆಗೆ ಮೇಳ ಕಟ್ಟುವವರ, ಅಂದರೆ ಮೆಟ್ಟಿಲು ಕೂರಿಸುವವರ ಕೆಲಸಕ್ಕೂ ಇರುವ ಸಾಮ್ಯ ಬೆರಗು ಹುಟ್ಟಿಸುತ್ತದೆ. ಕನ್ನಡ ನಾಡಿಗೆ ಕಿನ್ನರಿ ಹತ್ತಿರದ ವಾದ್ಯ. ಹನ್ನೆರಡನೆಯ ಶತಮಾನದ ಶರಣ ಕಿನ್ನರಿ ಬೊಮ್ಮಯ್ಯನ ಹೆಸರಿನಲ್ಲೇ ಅದಿದೆ. ಅದನ್ನು ನುಡಿಸುತ್ತ ಊರೂರು ತಿರುಗಿ ಮಹಾಭಾರತದ ಕತೆ ಹಾಡಿದ ಕಿನ್ನರಿ ಜೋಗಿಗಳು ಪಂಡಿತರ ಗ್ರಂಥದಿಂದ ದೂರವೇ ಇದ್ದು, ಆ ವಾದ್ಯವನ್ನು ನಮ್ಮ ಕಾಲದವರೆಗೂ ತಂದರು.

ಮೆಟ್ಟಿಲು ಬಂದ ಮೇಲೆ ಹೊಸ ಪ್ರಶ್ನೆಯೊಂದು ಎದ್ದಿತು: ಅವನ್ನು ಎಲ್ಲೆಲ್ಲಿ ಇಡಬೇಕು, ಎಷ್ಟು ಇಡಬೇಕು? ವಿಜಯನಗರದ ಅಳಿಯ ರಾಮರಾಯನ ಆಶ್ರಯದಲ್ಲಿದ್ದ ರಾಮಾಮಾತ್ಯ 1550ರಲ್ಲಿ ಬರೆದ ಸ್ವರಮೇಳಕಲಾನಿಧಿಯ ದೊಡ್ಡ ಭಾಗ ಈ ಪ್ರಶ್ನೆಗೇ ಮೀಸಲು. ಆಗ ಎರಡು ದಾರಿಗಳಿದ್ದವು. ನುಡಿಸಲಿರುವ ರಾಗಕ್ಕೆ ಬೇಕಾದ ಸ್ವರಗಳಿಗೆ ಮಾತ್ರ ಮೆಟ್ಟಿಲು ಇಟ್ಟು, ರಾಗ ಬದಲಾದಾಗ ಅವನ್ನೂ ಸರಿಸುವುದು ಒಂದು. ಎಲ್ಲ ರಾಗಗಳಿಗೂ ಆಗುವಂತೆ ಒಮ್ಮೆಗೇ ಕೂರಿಸಿಬಿಡುವುದು ಇನ್ನೊಂದು. ಮೊದಲನೆಯದು ಏಕರಾಗ ಮೇಳ, ಎರಡನೆಯದು ಸರ್ವರಾಗ ಮೇಳ. ತಂತಿಗಳ ಶ್ರುತಿಯನ್ನು ಅನುಸರಿಸಿ ರಾಮಾಮಾತ್ಯ ವಿವರಿಸುವ ವೀಣೆಗಳಲ್ಲಿ ಒಂದಕ್ಕೆ ಅರಸ ಅಚ್ಯುತರಾಯನ ಹೆಸರೇ ಇದೆ.

ಹದಿನೇಳನೆಯ ಶತಮಾನದ ತಂಜಾವೂರಿನಲ್ಲಿ ಎರಡನೆಯ ದಾರಿಯೇ ಗೆದ್ದಿತು. ನಾಯಕ ಅರಸ ರಘುನಾಥ ಮತ್ತು ಅವನ ಮಂತ್ರಿ, ಕನ್ನಡ ಮನೆತನದ ಗೋವಿಂದ ದೀಕ್ಷಿತರ ಕಾಲದಲ್ಲಿ ವೀಣೆಗೆ ಈಗಿನ ರೂಪ ಬಂತೆಂದು ಹೇಳುತ್ತಾರೆ. ಸ್ಥಾಯಿಗೆ 12 ಸ್ವರಸ್ಥಾನ, ಎರಡು ಸ್ಥಾಯಿಗೆ 24 ಮೆಟ್ಟಿಲು. ದೀಕ್ಷಿತರ ಮಗ ವೆಂಕಟಮಖಿ 72 ರಾಗಮೇಳಗಳ ಲೆಕ್ಕವನ್ನು ಮುಂದಿಟ್ಟ ಚತುರ್ದಂಡಿಪ್ರಕಾಶಿಕೆಯನ್ನು ಆರಂಭಿಸುವುದು ವೀಣೆಯ ಪ್ರಕರಣದಿಂದಲೇ. ಹನ್ನೆರಡು ಸ್ವರಸ್ಥಾನಗಳು ಸಾಲಾಗಿ ಕಣ್ಣೆದುರು ನಿಂತ ವಾದ್ಯ ಕೈಯಲ್ಲಿದ್ದುದು ಆ ಲೆಕ್ಕಕ್ಕೆ ಒದಗಿಬಂದಿರಲೇಬೇಕು.

ಈಗ ಮರಗೆಲಸಕ್ಕೆ ಬರಬಹುದು. ವೀಣೆಗೆ ಒಪ್ಪಿತವಾದ ಮರ ಹಲಸು. ಬಲಿತ ಹಲಸಿನ ಮರ ಹಗುರ, ಗಟ್ಟಿ, ಬಾಳಿಕೆ ಹೆಚ್ಚು. ಕಡಿದಾಗ ಹಳದಿಯಾಗಿರುವ ತಿರುಳು ವರ್ಷಗಳು ಕಳೆದಂತೆ ಕಂದು ಬಣ್ಣಕ್ಕೆ ತಿರುಗುತ್ತದೆ. ತಂಜಾವೂರಿನ ಕುಶಲಕರ್ಮಿಗಳಿಗೆ ಪನ್ರುಟ್ಟಿ ಕಡೆಯ ಹಲಸು ಅಚ್ಚುಮೆಚ್ಚು. ಮೈಸೂರು ಕಡೆ ಬೀಟೆಯನ್ನು ಬಳಸಿದವರೂ ಇದ್ದಾರೆ. ಯಾವ ಮರವಾದರೂ ಚೆನ್ನಾಗಿ ಒಣಗಿರಬೇಕು. ಹಸಿ ಮರ ಕಾಲಕ್ರಮದಲ್ಲಿ ತಿರುಚಿಕೊಳ್ಳುತ್ತದೆ, ದಂಡಿ ಕೂದಲೆಳೆಯಷ್ಟು ಬಾಗಿದರೂ ಮೆಟ್ಟಿಲುಗಳ ಮಟ್ಟ ತಪ್ಪುತ್ತದೆ.

ಸುಮಾರು 4 ಅಡಿ ಉದ್ದದ ವಾದ್ಯದಲ್ಲಿ ಮುಖ್ಯ ಭಾಗಗಳು ಮೂರು: ಕೊಡ, ದಂಡಿ, ಯಾಳಿಯ ತಲೆ. ಮೂರನ್ನೂ ಒಂದೇ ತುಂಡಿನಲ್ಲಿ ಕೊರೆದರೆ ಅದು ಏಕಾಂಡ ವೀಣೆ, ಬೇರೆ ಬೇರೆ ಮಾಡಿ ಜೋಡಿಸುವುದು ಹೆಚ್ಚು ಬಳಕೆಯಲ್ಲಿರುವ ಕ್ರಮ. ಬಾಚಿಯಿಂದ ಹೊರಮೈಯನ್ನು ಉರುಟು ಮಾಡಿ, ಉಳಿ ಮತ್ತು ಕೊಡತಿಯಿಂದ ಒಳಗನ್ನು ತೋಡುತ್ತಾರೆ. ಕೊಡದ ಗೋಡೆ ತೆಳುವಾದಂತೆ ಬೆರಳಿನಿಂದ ತಟ್ಟಿ ದನಿ ಕೇಳುತ್ತ ಎಲ್ಲಿ ನಿಲ್ಲಿಸಬೇಕೆಂದು ನಿರ್ಧರಿಸಬೇಕು. ಹೆಚ್ಚು ಉಳಿಸಿದರೆ ನಾದ ಮಂಕು, ಹೆಚ್ಚು ತೆಗೆದರೆ ಬಲ ಹೋಗುತ್ತದೆ. ಒಳಗೆ ಟೊಳ್ಳಾದ ದಂಡಿಗೂ ಕೊಡಕ್ಕೂ ಮೇಲೆ ಹಲಗೆ ಮುಚ್ಚುತ್ತಾರೆ. ಕೊಡದ ಹಲಗೆಯಲ್ಲಿ ಸಣ್ಣ ನಾದರಂಧ್ರಗಳಿರುತ್ತವೆ. ಯಾಳಿಯ ಬಳಿ ಇನ್ನೊಂದು ಬುರುಡೆ ತಗಲಿಸುತ್ತಾರೆ. ಅದು ನುಡಿಸುವವರ ಎಡತೊಡೆಯ ಮೇಲೆ ಕೂತು ದಂಡಿಗೆ ಆಸರೆ ಕೊಡುತ್ತದೆಯೇ ಹೊರತು ನಾದಕ್ಕೆ ಅದರ ಕೊಡುಗೆ ಕಡಿಮೆ. ಹಿಂದೆ ಒಣಗಿದ ಸೋರೆಬುರುಡೆಯೇ ಇರುತ್ತಿತ್ತು, ಈಗ ಕಾಗದದ ತಿರುಳಿನದು ಅಥವಾ ಫೈಬರಿನದು. ಕುಸುರಿಗೆ ಬಳಕೆಯಾಗುತ್ತಿದ್ದ ದಂತ, ಜಿಂಕೆಕೊಂಬುಗಳ ಜಾಗಕ್ಕೆ ಪ್ಲಾಸ್ಟಿಕ್ ಬಂದಿದೆ. ವನ್ಯಜೀವಿ ಕಾನೂನುಗಳಿಂದ ಆದ ಈ ಬದಲಾವಣೆಯಿಂದ ವಾದ್ಯದ ದನಿಗೇನೂ ನಷ್ಟವಾಗಿಲ್ಲ.

ತಂತಿಗಳು ಏಳು. ಸಾರಣಿ, ಪಂಚಮ, ಮಂದ್ರ, ಅನುಮಂದ್ರ ಎಂಬ ನಾಲ್ಕು ಮೆಟ್ಟಿಲುಗಳ ಮೇಲೆ ಹಾಯುತ್ತವೆ. ಅವುಗಳ ಬಿರಡೆಗಳು ತಲೆಯ ಕಡೆ. ತಾಳದ ಮೂರು ತಂತಿಗಳು ದಂಡಿಯ ಪಕ್ಕದಲ್ಲಿ, ಅವುಗಳ ಬಿರಡೆಗಳೂ ಪಕ್ಕದಲ್ಲೇ. ಬಿರಡೆಯಿಂದ ಒರಟಾಗಿ ಶ್ರುತಿ ಸೇರಿಸಿ, ಕೊಡದ ತುದಿಯ ಲಂಗರಿನಲ್ಲಿ ನಯವಾಗಿ ಹೊಂದಿಸುತ್ತಾರೆ.

ಕುದುರೆ ಎಂದರೆ ಕೊಡದ ಹಲಗೆಯ ಮೇಲೆ ನಿಲ್ಲುವ ಮರದ ಪುಟ್ಟ ಪೀಠ. ಅದರ ನೆತ್ತಿಗೆ ಲೋಹದ ಅಗಲವಾದ ರೇಕು ಕೂರಿಸಿರುತ್ತಾರೆ. ಆ ರೇಕು ಸಪಾಟಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬು ಅದಕ್ಕಿದೆ. ಪಿಟೀಲಿನಲ್ಲಿ ತಂತಿ ಚೂಪಾದ ಅಂಚಿನ ಮೇಲೆ ಕೂತಿರುತ್ತದೆ, ವೀಣೆಯಲ್ಲಿ ಉಬ್ಬಿನ ಮೇಲೆ ಒರಗಿರುತ್ತದೆ. ಮೀಟಿದಾಗ ತಂತಿ ಪ್ರತಿ ಕಂಪನದಲ್ಲೂ ರೇಕಿಗೆ ಒಂದಿಷ್ಟು ಅಂಟಿ ಒಂದಿಷ್ಟು ಬಿಡುತ್ತ ಹೋಗುವುದರಿಂದ ಅದರ ಕಂಪಿಸುವ ಉದ್ದ ಕ್ಷಣಕ್ಷಣಕ್ಕೂ ಬದಲಾಗಿ, ಮೇಲಿನ ಉಪಸ್ವರಗಳು ಮತ್ತೆ ಮತ್ತೆ ಹುಟ್ಟುತ್ತವೆ. ಇದನ್ನು ವಿಜ್ಞಾನದ ಗಮನಕ್ಕೆ ತಂದವರು ಸಿ.ವಿ. ರಾಮನ್. ತಂತಿಯನ್ನು ಒಂದು ಬಿಂದುವಿನಲ್ಲಿ ಮೀಟಿದರೆ, ಆ ಬಿಂದುವಿನಲ್ಲಿ ಅಲುಗದೆ ನಿಲ್ಲುವ ಉಪಸ್ವರಗಳು ಕೇಳಬಾರದು ಎಂಬುದು ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸ್ ಹೆಸರಿನ ನಿಯಮ. ವೀಣೆ ಮತ್ತು ತಂಬೂರಿ ಈ ನಿಯಮಕ್ಕೆ ಬಗ್ಗುವುದಿಲ್ಲ, ಕೇಳಬಾರದ ಉಪಸ್ವರಗಳು ಅವುಗಳಲ್ಲಿ ಗಟ್ಟಿಯಾಗಿಯೇ ಕೇಳುತ್ತವೆ ಎಂದು ಕಲ್ಕತ್ತೆಯಲ್ಲಿದ್ದಾಗ ರಾಮನ್ 1921ರಲ್ಲಿ ಪ್ರಕಟಿಸಿದರು. ತಂಬೂರಿಯಲ್ಲಿ ತಂತಿಗೂ ಕುದುರೆಗೂ ನಡುವೆ ಇಡುವ ನೂಲಿನ ಜೀವಾಳವೂ ಮಾಡುವುದು ಇದೇ ಕೆಲಸ. ಅರದಿಂದ ರೇಕನ್ನು ತುಸುತುಸುವೇ ಉಜ್ಜುತ್ತ, ತಂತಿ ಮೀಟಿ ಕೇಳುತ್ತ, ಮತ್ತೆ ಉಜ್ಜುತ್ತ ಆ ಉಬ್ಬನ್ನು ಹದಕ್ಕೆ ತರುವವರು ನಿಯಮದ ಹೆಸರು ಕೇಳದೆಯೇ ಇದನ್ನು ತಲೆಮಾರುಗಳಿಂದ ಮಾಡಿಕೊಂಡು ಬಂದಿದ್ದಾರೆ. ಒಂದು ಉಜ್ಜು ಹೆಚ್ಚಾದರೆ ತಂತಿ ಝರ್ರೆಂದು ಅರಚುತ್ತದೆ, ಕಡಿಮೆಯಾದರೆ ನಾದ ಬೇಗ ಆರುತ್ತದೆ.

ಮೇಳ ಕಟ್ಟುವುದು ಕೊನೆಯ ಹಂತ, ಎಲ್ಲಕ್ಕಿಂತ ಕಠಿಣ. ಜೇನುಮೇಣವನ್ನು ಕರಗಿಸಿ ಕಪ್ಪು ಪುಡಿ ಬೆರೆಸಿ, ಹದವಾಗಿ ನಾದಿ, ಉದ್ದನೆಯ ಬತ್ತಿ ಮಾಡಿ ದಂಡಿಯ ಎರಡು ಅಂಚಿಗೂ ಒತ್ತುತ್ತಾರೆ. ಮೇಣ ಮೆತ್ತಗಿರುವಾಗಲೇ ಒಂದೊಂದೇ ಮೆಟ್ಟಿಲನ್ನು ಅದರಲ್ಲಿ ಅದುಮಿ, ತಂತಿ ಮೀಟಿ, ಕೇಳಿ, ಅತ್ತಿತ್ತ ಸರಿಸಿ ನಿಲ್ಲಿಸಬೇಕು. ಸ್ಥಾನದ ಲೆಕ್ಕವೇನೋ ಸರಳ. ದಂಡಿಯ ತಲೆಯ ಕಡೆ ತಂತಿಗಳು ಹಾದುಬರುವ ಮೇರುವಿನಿಂದ ಕುದುರೆಗೆ 80 ಸೆಂಟಿಮೀಟರ್ ಎಂದು ಇಟ್ಟುಕೊಂಡರೆ ಮೇಲಿನ ಷಡ್ಜದ ಹನ್ನೆರಡನೆಯ ಮೆಟ್ಟಿಲು ಅರ್ಧಕ್ಕೆ, ಅಂದರೆ 40 ಸೆಂಟಿಮೀಟರಿಗೆ ಬರುತ್ತದೆ. ಶುದ್ಧ ಮಧ್ಯಮಕ್ಕೆ ತಂತಿಯ ಮುಕ್ಕಾಲು ಭಾಗ ನುಡಿಯಬೇಕು, ಆದ್ದರಿಂದ ಮೇರುವಿನಿಂದ 20 ಸೆಂಟಿಮೀಟರ್. ಪಂಚಮಕ್ಕೆ ಮೂರರಲ್ಲಿ ಎರಡು ಭಾಗ. ಮೇರುವಿಗೂ ಮೊದಲ ಮೆಟ್ಟಿಲಿಗೂ ನಡುವಿನ ಮನೆ ಸುಮಾರು ನಾಲ್ಕೂವರೆ ಸೆಂಟಿಮೀಟರ್ ಅಗಲವಿದ್ದರೆ, ಕೊನೆಯದು ಒಂದೂಕಾಲು ಸೆಂಟಿಮೀಟರೂ ಇರುವುದಿಲ್ಲ. ಹಾಗಾಗಿ 1 ಮಿಲಿಮೀಟರ್ ತಪ್ಪು ಮೇಲಿನ ತುದಿಯಲ್ಲಿ ಕೆಳಗಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಅಪಶ್ರುತಿ ತರುತ್ತದೆ.

ಈ ಲೆಕ್ಕವನ್ನೇ ನೆಚ್ಚಿ ಅಳತೆಪಟ್ಟಿ ಹಿಡಿದು ಕೂರಿಸಿದ ಮೇಳ ಮಾತ್ರ ಶ್ರುತಿಯಲ್ಲಿ ನಿಲ್ಲುವುದಿಲ್ಲ. ಬೆರಳು ತಂತಿಯನ್ನು ಮೆಟ್ಟಿಲಿಗೆ ಒತ್ತಿದಾಗ ಅದರ ಬಿಗಿ ತುಸು ಹೆಚ್ಚಿ ಸ್ವರ ಏರುತ್ತದೆ, ಅದನ್ನು ಸರಿದೂಗಿಸಲು ಮೆಟ್ಟಿಲು ಒಂದಿಷ್ಟು ಮೇರುವಿನ ಕಡೆಗೆ ಸರಿಯಬೇಕು. ಎಷ್ಟು ಎನ್ನುವುದು ತಂತಿಯ ದಪ್ಪ, ಎತ್ತರಗಳನ್ನು ಅವಲಂಬಿಸುತ್ತದೆ. ಒಂದೇ ಮೆಟ್ಟಿಲು ನಾಲ್ಕು ತಂತಿಗಳಿಗೆ ದುಡಿಯಬೇಕು ಎನ್ನುವುದು ಇನ್ನೂ ದೊಡ್ಡ ತೊಡಕು. ಐದನೆಯ ಮೆಟ್ಟಿಲು ಸಾರಣಿಯಲ್ಲಿ ಶುದ್ಧ ಮಧ್ಯಮ. ಅದೇ ಮೆಟ್ಟಿಲು ಪಂಚಮದ ತಂತಿಯಲ್ಲಿ ಷಡ್ಜ, ಅದು ಬಿಡಿ ಸಾರಣಿಯೊಂದಿಗೆ ಒಂದಾಗಿ ಬೆರೆಯಬೇಕು. ಸಾರಣಿಗೆ ಒಪ್ಪಿದ ಸ್ಥಾನ ದಪ್ಪನೆಯ ತಂತಿಗೆ ಒಪ್ಪದೆ ಹೋದಾಗ ಮೆಟ್ಟಿಲನ್ನು ತುಸು ಓರೆ ಮಾಡಬೇಕಾಗುತ್ತದೆ. ಮರಕ್ಕೆ ಬಿಗಿದ ಪಟ್ಟಿಯಲ್ಲಿ ಸಾಧ್ಯವಾಗದ ಈ ಹೊಂದಾಣಿಕೆ ಮೇಣದಲ್ಲಿ ಸಾಧ್ಯ. ಎತ್ತರವೂ ಸಮನಿರಬೇಕು. ಒಂದು ಮೆಟ್ಟಿಲು ಎದ್ದು ನಿಂತರೆ ಅದರ ಹಿಂದಿನ ಮನೆಯಲ್ಲಿ ಒತ್ತಿದ ತಂತಿ ಅದಕ್ಕೆ ತಗಲಿ ಸದ್ದು ಮಾಡುತ್ತದೆ. ಎಲ್ಲವೂ ಒಪ್ಪವಾದ ಮೇಲೆ ಮೆಟ್ಟಿಲುಗಳ ನಡುವಿನ ಮೇಣವನ್ನು ಕೆತ್ತಿ ನಯ ಮಾಡುತ್ತಾರೆ.

ಇಷ್ಟೆಲ್ಲ ಕಷ್ಟಕ್ಕೆ ಅರ್ಥ ಬರುವುದು ನುಡಿಸಾಣಿಕೆಯಲ್ಲಿ. ಒಂದೇ ಮೆಟ್ಟಿಲಿನ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದು ಮೂರು ನಾಲ್ಕು ಸ್ವರಗಳವರೆಗೆ ಗಮಕ ತೆಗೆಯುವ ಕ್ರಮವಿದೆ. ಅದಕ್ಕೆ ಮೇಣ ಪಟ್ಟಿಯನ್ನು ಅಲುಗದಂತೆ ಹಿಡಿದಿರಬೇಕು. ವೀಣೆ ಶೇಷಣ್ಣನವರಿಂದ (1852–1926) ವೆಂಕಟಗಿರಿಯಪ್ಪನವರು, ವಿ. ದೊರೆಸ್ವಾಮಿ ಅಯ್ಯಂಗಾರ್ (1920–1997) ಅವರವರೆಗೆ ಹರಿದುಬಂದ ಮೈಸೂರು ಬಾನಿ ಅತಿಯಾದ ಎಳೆತಕ್ಕಿಂತ ಮೀಟಿನ ಸ್ಪಷ್ಟತೆಗೆ, ಮೆಟ್ಟಿಲಿನಿಂದ ಮೆಟ್ಟಿಲಿಗೆ ಬೆರಳು ಸಾಗುವ ಸೊಗಸಿಗೆ ಒತ್ತು ಕೊಟ್ಟಿತು. ಇಲ್ಲಿ ಮೇಳ ತಪ್ಪಿದ್ದರೆ ಎಳೆದು ಮುಚ್ಚಿಕೊಳ್ಳುವ ಅವಕಾಶವೂ ಕಡಿಮೆ.

ಮೇಳ ಶಾಶ್ವತವಲ್ಲ. ಬೇಸಿಗೆಯ ಬಿಸಿಗೆ ಮೇಣ ಮೆತ್ತಗಾಗುತ್ತದೆ, ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ವೀಣೆ ಬಿಟ್ಟರೆ ಮೆಟ್ಟಿಲುಗಳು ಜರುಗಿಬಿಡುತ್ತವೆ. ದಿನವೂ ಸಾಧನೆ ಮಾಡುವವರ ವೀಣೆಯಲ್ಲಿ ತಂತಿ ಉಜ್ಜಿ ಉಜ್ಜಿ ಮೆಟ್ಟಿಲುಗಳ ಮೇಲೆ ಗೀರು ಬೀಳುತ್ತದೆ. ಆಗ ಹಳೆಯ ಮೇಣ ತೆಗೆದು ಮತ್ತೆ ಮೇಳ ಕಟ್ಟಿಸಬೇಕು. ಕೆತ್ತನೆಯ ಕೆಲಸವನ್ನು ಯಂತ್ರ ಹಗುರಗೊಳಿಸಬಲ್ಲದು, ಈ ಕೆಲಸಕ್ಕೆ ಮಾತ್ರ ಶ್ರುತಿಜ್ಞಾನವಿರುವ ಕಿವಿ ಮತ್ತು ಮೇಣದ ಹದ ಬಲ್ಲ ಕೈ ಒಬ್ಬರಲ್ಲೇ ಸೇರಿರಬೇಕು. ತಂಜಾವೂರು ವೀಣೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಅದು ಹೆಸರನ್ನು ಕಾಯುತ್ತದೆ, ಹೊಸಬರಿಗೆ ಕೆಲಸ ಕಲಿಸುವ ಹೊಣೆ ಕಾರ್ಖಾನೆಯ ಹಿರಿಯರ ಮೇಲೆಯೇ ಉಳಿದಿದೆ.

ಮೇಣದ ಬದಲು ಫೈಬರ್ ಪಟ್ಟಿಗೆ ತಿರುಪಿನಿಂದ ಮೆಟ್ಟಿಲು ಬಿಗಿಯುವ ವೀಣೆಗಳು ಬಂದಿವೆ, ಬೆಂಗಳೂರಿನಲ್ಲಿ ಡಿಜಿಟಲ್ ವೀಣೆಯೂ ರೂಪುಗೊಂಡಿದೆ. ಪ್ರವಾಸ ಹೋಗುವ ಕಲಾವಿದರಿಗೆ, ಮೇಳ ಕಟ್ಟುವವರು ಸಿಗದ ವಿದೇಶಗಳಲ್ಲಿ ಕಲಿಯುವ ಮಕ್ಕಳಿಗೆ ಇವು ನಿಜಕ್ಕೂ ಉಪಕಾರಿ. ಆದರೆ ವಾದ್ಯ ತಯಾರಿಕೆಯನ್ನು ಕಲಿಯಬೇಕೆನ್ನುವವರು ಆರಂಭಿಸಬೇಕಾದದ್ದು ಇನ್ನೂ ಸರಳವಾದ ಕಡೆಯಿಂದ. ಒಂದು ಗಜ ಉದ್ದದ ಹಲಗೆ, ಎರಡು ತುದಿಗೆ ಎರಡು ಆಸರೆ, ನಡುವೆ ಒಂದು ಉಕ್ಕಿನ ತಂತಿ, ಒಂದು ಮುಷ್ಟಿ ಮೇಣ, ಹಿತ್ತಾಳೆಯ ನಾಲ್ಕು ಪಟ್ಟಿ ಸಾಕು. ತಂಬೂರಿಯ ಶ್ರುತಿ ಹಾಕಿಕೊಂಡು ಮೊದಲು ಮೇಲಿನ ಷಡ್ಜ, ಆಮೇಲೆ ಪಂಚಮ, ಮಧ್ಯಮ, ಅಂತರ ಗಾಂಧಾರಗಳನ್ನು ಕಿವಿಯಿಂದ ಹುಡುಕಿ ಪಟ್ಟಿ ಕೂರಿಸಬೇಕು, ಅಳತೆಪಟ್ಟಿಯನ್ನು ಹಿಡಿಯುವುದು ಅದಾದ ಮೇಲೆ. ತಂತಿ ಎತ್ತರದಲ್ಲಿದ್ದಷ್ಟೂ ಕಿವಿ ಹೇಳಿದ ಜಾಗ ಲೆಕ್ಕದ ಜಾಗದಿಂದ ಮೇರುವಿನ ಕಡೆಗೆ ಹೆಚ್ಚು ಸರಿದಿರುವುದು ಅಲ್ಲೇ ಕಾಣುತ್ತದೆ.